ನಾನು ಉಳಿದ ಬಗೆ

ನಾನು ಆಶಾ ಕಾರ್ಯಕರ್ತೆ. ನಮ್ಮ ಊರು ಕೃಷ್ಣಾ ನದಿಯಿಂದ ತುಸು ದೂರದಲ್ಲಿದೆ. ಎರೆ ಭೂಮಿ. ಹತ್ತಿ, ತೊಗರಿ ಬೆಳೆಯುತ್ತೇವೆ. ಮಳೆ ಬಾರದ ವರ್ಷ ಅರ್ಧ ಊರು ಬೀಗ ಹಾಕಿಕೊಂಡು ಗುಳೆ ಹೋಗುತ್ತದೆ. 2018ರ ಜನವರಿಯಲ್ಲಿ ನಾನು ತುಂಬು ಏಳು ತಿಂಗಳ ಬಸುರಿ. ಆಗ ನನಗೆ ಸೆಳವು ಬಂತು. ನಾನು ಉಳಿದೆ, ನನ್ನ ಮಗಳೂ ಉಳಿದಳು. ಹೇಗೆ ಉಳಿದೆವು ಎಂಬುದನ್ನು ನಡೆದಂತೆ ಬರೆಯುತ್ತಿದ್ದೇನೆ. ನಡುವಿನ ಕೆಲವು ಭಾಗ ನನಗೆ ನೆನಪಿಲ್ಲ. ಅಷ್ಟನ್ನು ಅವ್ವ ಮತ್ತು ನಮ್ಮೂರಿನ ಅಂದಿನ ಆಶಾ ಅಕ್ಕ ಹೇಳಿದಂತೆ ಬರೆದಿದ್ದೇನೆ.

ಮದುವೆಯಾದಾಗ ನನಗೆ ಹತ್ತೊಂಬತ್ತು ವರ್ಷ. ಎಸ್ಸೆಸ್ಸೆಲ್ಸಿ ಪಾಸಾಗಿದ್ದೆ. ಗಂಡನ ಮನೆಗೆ ಎರಡು ಎಕರೆ ಒಣ ಭೂಮಿ. ಮದುವೆಯ ಸಾಲ ತೀರಿಸಲು ಮೇಸ್ತ್ರಿಯಿಂದ ಮುಂಗಡ ತೆಗೆದುಕೊಂಡು ಇಬ್ಬರೂ ಬೆಂಗಳೂರಿಗೆ ಹೋದೆವು. ಅಲ್ಲಿ ಕಟ್ಟಡ ಕೆಲಸ. ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು. ಕುಡಿಯಲು ಟ್ಯಾಂಕರ್ ನೀರು. ಹೆಣ್ಣುಮಕ್ಕಳು ಬಯಲಿಗೆ ಹೋಗಬೇಕೆಂದರೆ ಕತ್ತಲಾಗಬೇಕು. ಅದಕ್ಕಾಗಿ ಹಗಲು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದೆವು.

2017ರ ದಸರೆಗೆ ಊರಿಗೆ ಬಂದಾಗ ನನಗೆ ಮೂರು ತಿಂಗಳಾಗಿತ್ತು. ಆಶಾ ಅಕ್ಕ ಮನೆಗೆ ಬಂದು ಹೆಸರು ಬರೆದುಕೊಂಡರು. ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ತಾಯಿ ಕಾರ್ಡು ಮಾಡಿಸಿದರು. ಅಂದು ಬಿಪಿ ಸರಿಯಿತ್ತು. ರಕ್ತದ ಪ್ರಮಾಣ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ ಕೊಟ್ಟರು. ಅದೇ ವರ್ಷದ ಅಕ್ಟೋಬರ್ 2ರಂದು ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟ, ಮೊಟ್ಟೆ, ಹಾಲು. ನಮ್ಮೂರ ಅಂಗನವಾಡಿಯ ಪಟ್ಟಿಯಲ್ಲಿ ನನ್ನ ಹೆಸರಿತ್ತು. ನಾನು ಮಾತ್ರ ಊರಲ್ಲಿರಲಿಲ್ಲ. ಮುಂಗಡ ತೀರಿರಲಿಲ್ಲವಾದ್ದರಿಂದ ಹಬ್ಬ ಮುಗಿದ ಕೂಡಲೇ ವಾಪಸು ಹೋಗಿದ್ದೆವು.

ಬೆಂಗಳೂರಿನ ಶೆಡ್ಡಿಗೆ ಯಾವ ಆಶಾ ಕಾರ್ಯಕರ್ತೆಯೂ ಬರಲಿಲ್ಲ. ಅಲ್ಲಿಯ ಪಟ್ಟಿಯಲ್ಲಿ ನಾವು ಇರಲಿಲ್ಲ. ತಂದ ಮಾತ್ರೆ ಖಾಲಿಯಾದವು. ಐದನೇ ತಿಂಗಳಲ್ಲಿ ಒಂದು ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಸ್ಕ್ಯಾನ್ ಮಾಡಿ ಕೂಸು ಚೆನ್ನಾಗಿದೆ ಎಂದರು. ಒಂದು ದಿನದ ಕೂಲಿಗಿಂತ ಹೆಚ್ಚು ಹಣ ಹೋಯಿತು. ಬಿಪಿ ನೋಡಲಿಲ್ಲ. ಆರನೇ ತಿಂಗಳ ತನಕ ಇಟ್ಟಿಗೆ ಹೊತ್ತೆ. ಆಮೇಲೆ ಗೋಡೆಗೆ ನೀರು ಹೊಡೆಯುವ ಹಗುರ ಕೆಲಸ ಕೊಟ್ಟರು.

ಸಂಕ್ರಾಂತಿಯ ಹೊತ್ತಿಗೆ ಅವ್ವ ಕುಬಸಕ್ಕೆ ಕರೆಸಿಕೊಂಡಳು. ರಾತ್ರಿ ಬಸ್ಸಿನಲ್ಲಿ ಒಬ್ಬಳೇ ಬಂದೆ. ಬೆಳಿಗ್ಗೆ ಇಳಿಯುವಾಗ ಚಪ್ಪಲಿಯಲ್ಲಿ ಕಾಲು ಹಿಡಿಸಲಿಲ್ಲ. ಕುಬಸದ ದಿನ ಹಸಿರು ಬಳೆ ಇಡಿಸಲು ಬಳೆಗಾರನನ್ನು ಕರೆಸಿದರು. ಕೈ ಬಾತಿದ್ದರಿಂದ ನನ್ನ ಅಳತೆಯ ಬಳೆ ಏರಲಿಲ್ಲ. ಎರಡು ಅಳತೆ ದೊಡ್ಡವು ಹುಡುಕಿ ಇಟ್ಟ. ಬಂದವರೆಲ್ಲ, “ಬಸುರಿಗೆ ಬಾವು ಬರೂದೇ,” ಅಂದರು. ಕಾಲಿಗೆ ತುಸು ಬಾವು ಬರುವುದು ನಿಜ. ಕೈಗೆ, ಮುಖಕ್ಕೆ ಬರುವ ಬಾವು ಬೇರೆ ಎಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕುಬಸವಾದ ಮೇಲೆ ತಲೆನೋವು ಹಿಡಿಯಿತು. ಹಣೆಯಿಂದ ಶುರುವಾಗಿ ಹಿಂದಲೆಯ ತನಕ ನೋಯುತ್ತಿತ್ತು. ಮಲಗಿದರೂ ಹೋಗುತ್ತಿರಲಿಲ್ಲ. ಅವ್ವ ನೆತ್ತಿಗೆ ಎಣ್ಣೆ ಒತ್ತಿದಳು. ಕುಬಸಕ್ಕೆ ಬಂದವರ ಕಣ್ಣು ತಾಗಿರಬೇಕೆಂದು ದೃಷ್ಟಿ ತೆಗೆದಳು. ಎದೆಗೂಡಿನ ಕೆಳಗೆ ಬಲಕ್ಕೆ ಹಿಡಿದುಕೊಂಡಂತೆ ನೋವಿತ್ತು. ವಾಯು ಇರಬಹುದೆಂದು ಸೋಡಾ ಕುಡಿಸಿದರು, ವಾಂತಿಯಾಯಿತು. ಒಂದು ಸಂಜೆ ದೇವರ ಮುಂದಿನ ದೀಪ ನೋಡಿದರೆ ಎರಡು ಕುಡಿ ಕಂಡವು. ಕಣ್ಣುಜ್ಜಿಕೊಂಡು ನೋಡಿದೆ. ಮತ್ತೂ ಎರಡೇ.

ಅದರ ಮರುದಿನ ಆಶಾ ಅಕ್ಕ ಬಂದರು. ನನಗಾಗಿ ಬಂದವರಲ್ಲ. ಹಿಂದಿನ ದಿನ ಭಾನುವಾರ ಪೋಲಿಯೊ ಹನಿ ಹಾಕಿದ್ದರು. ಬಿಟ್ಟುಹೋದ ಮಕ್ಕಳನ್ನು ಹುಡುಕುತ್ತ ಮನೆಮನೆ ತಿರುಗುತ್ತಿದ್ದರು. ಪಕ್ಕದ ಮನೆಗೆ ಹೊರಟವರು ನಮ್ಮ ಕಟ್ಟೆಯ ಮೇಲೆ ಕೂತಿದ್ದ ನನ್ನನ್ನು ನೋಡಿ ನಿಂತರು.

“ಮುಖ ಯಾಕ ಹಿಂಗ ಬಾತದ? ತಲಿ ನೋಯ್ತದೇನು?”

“ಹೌದ್ರಿ ಅಕ್ಕ.”

“ಕಣ್ಣು ಮಂಜ ಮಂಜ ಆಗ್ತಾವೇನು?”

ಹೌದು ಎಂದೆ. ಅವರು ಹನಿಯ ಡಬ್ಬಿಯನ್ನು ಜೊತೆಗಿದ್ದ ಅಂಗನವಾಡಿ ಟೀಚರ ಕೈಗೆ ಕೊಟ್ಟರು. “ನಡಿ, ದವಾಖಾನಿಗೆ ಹೋಗೂಣು,” ಅಂದರು. ಅವ್ವ, “ನಾಳಿ ಬೆಳಿಗ್ಗಿ ಹೋದರಾಯ್ತಲ್ಲ, ಅಡುಗಿ ಮಾಡೀನಿ, ಉಂಡು ಮಕ್ಕೊಳ್ಳಲಿ,” ಅಂದಳು. “ನಾಳಿ ತನಕ ಕಾಯೂದು ಬ್ಯಾಡವ್ವ,” ಎಂದು ಅಕ್ಕ ತಾವೇ ಟಂಟಂ ಕರೆಸಿದರು. ಬಾಡಿಗೆಯನ್ನೂ ಅವರೇ ಕೊಟ್ಟರು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಂದು ಡಾಕ್ಟರು ಇರಲಿಲ್ಲ. ಒಬ್ಬರೇ ಸ್ಟಾಫ್ ನರ್ಸ್ ಇದ್ದರು. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು. ಬಿಚ್ಚಿ ಇನ್ನೊಂದು ತೋಳಿಗೆ ಕಟ್ಟಿ ನೋಡಿದರು. 180ಕ್ಕೆ 120. ಮೂತ್ರ ಹಿಡಿದು ತರಲು ಹೇಳಿದರು. ಪಟ್ಟಿ ಅದ್ದಿ ನೋಡಿ ಅಕ್ಕನ ಕಡೆ ತಿರುಗಿ ಏನೋ ಹೇಳಿದರು. ಆ ಹೊತ್ತಿಗೆ ಕೋಣೆಯ ಬಲ್ಬಿನ ಸುತ್ತ ಕಿಡಿ ಕಿಡಿ ಕಾಣುತ್ತಿತ್ತು. ನನಗೆ ಹೆದರಿಕೆಯಾಯಿತು. ಅವ್ವನ ಸೆರಗು ಹಿಡಿದುಕೊಂಡೆ. ನೆನಪಿರುವುದು ಅಷ್ಟೇ.

ಮುಂದಿನದು ಅವರು ಹೇಳಿದ್ದು. ನನ್ನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ದವಡೆ ಕಚ್ಚಿತು. ಮೈ ಸೆಟೆದು ಅದುರತೊಡಗಿತು. ಅವ್ವ ಕಿರುಚಿಕೊಂಡು, ಕೈಗೆ ಕಬ್ಬಿಣ ಕೊಡಿ ಎಂದು ಬೀಗದಕೈ ಹಿಡಿದು ಬಂದಳು. ನರ್ಸ್ ತಡೆದರು. ಬಾಯಲ್ಲಿ ಏನನ್ನೂ ತುರುಕಲು ಬಿಡಲಿಲ್ಲ. ಅಕ್ಕ ಮತ್ತು ನರ್ಸ್ ಸೇರಿ ನನ್ನನ್ನು ಎಡ ಮಗ್ಗುಲಿಗೆ ಹೊರಳಿಸಿದರು. ಬಾಯಿಂದ ಬಂದ ನೊರೆ, ರಕ್ತ ಒರೆಸಿದರು. ನಾಲಿಗೆ ಕಚ್ಚಿಕೊಂಡಿದ್ದೆ. ಅದುರುವುದು ನಿಂತ ಮೇಲೆ ನರ್ಸ್ ಡಾಕ್ಟರಿಗೆ ಫೋನ್ ಹಚ್ಚಿದರು. ಡಾಕ್ಟರು ಹೇಳಿದಂತೆ ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್ ಕೊಟ್ಟರು. ಐದು ಗ್ರಾಮು ಒಂದು ಕುಂಡಿಗೆ, ಐದು ಗ್ರಾಮು ಇನ್ನೊಂದಕ್ಕೆ. ಬಹಳ ಉರಿಯುವ ಸೂಜಿ ಅದು. ಎಚ್ಚರವಿಲ್ಲದ ನಾನು ಆ ಉರಿಗೆ ನರಳಿದೆನಂತೆ. ಆ ದನಿ ಕೇಳಿ ಅವ್ವನಿಗೆ ಜೀವ ಬಂತಂತೆ.

ನರ್ಸ್ ಇನ್ನೊಂದು ಕೆಲಸ ಮಾಡಿದರು. ರೆಫರ್ ಚೀಟಿಯಲ್ಲಿ ಬಿಪಿ ಎಷ್ಟು, ಸೆಳವು ಯಾವಾಗ ಬಂತು, ಯಾವ ಇಂಜೆಕ್ಷನ್, ಎಷ್ಟು, ಎಷ್ಟು ಗಂಟೆಗೆ ಎಂದು ಬರೆದರು. ಆ ಚೀಟಿಯನ್ನು ಅಕ್ಕನ ಕೈಗೆ ಕೊಟ್ಟು, “ಇದನ್ನ ಡಾಕ್ಟರ ಕೈಗೇ ಕೊಡ್ರಿ, ಮತ್ಯಾರಿಗೂ ಕೊಡಬ್ಯಾಡ್ರಿ,” ಅಂದರು.

108ಕ್ಕೆ ಫೋನ್ ಮಾಡಿದರು. ನಮ್ಮ ಭಾಗದ ಗಾಡಿ ಬೇರೆ ಊರಿಗೆ ಹೋಗಿತ್ತು. ಬರಲು ಒಂದು ತಾಸಿನ ಮೇಲಾಯಿತು. ಅಲ್ಲಿಂದ ತಾಲೂಕು ಆಸ್ಪತ್ರೆಗೆ ಒಯ್ದರು. ಅಲ್ಲಿ ಅರಿವಳಿಕೆ ಡಾಕ್ಟರು ಇಲ್ಲ, ರಕ್ತ ಇಲ್ಲ ಎಂದರು. ನನ್ನನ್ನು ಗಾಡಿಯಿಂದ ಕೆಳಗಿಳಿಸಲೇ ಇಲ್ಲ. ಗಾಡಿಯಲ್ಲೇ ಬಿಪಿ ನೋಡಿ, ಚೀಟಿಯ ಮೇಲೆ ಇನ್ನೊಂದು ಸಾಲು ಬರೆದು ದೊಡ್ಡ ಆಸ್ಪತ್ರೆಗೆ ಕಳಿಸಿದರು. ಆ ರಸ್ತೆ ಪೂರ್ತಿ ತಗ್ಗು. ದಾರಿಯುದ್ದಕ್ಕೂ ಅಕ್ಕ ನನ್ನನ್ನು ಎಡ ಮಗ್ಗುಲಲ್ಲಿ ಹಿಡಿದುಕೊಂಡು ಕೂತಿದ್ದರು. ಮತ್ತೆ ಸೆಳವು ಬರಲಿಲ್ಲ. ಆ ಎರಡು ಸೂಜಿ ಮಾಡಿದ ಕೆಲಸ ಅದು.

ದೊಡ್ಡ ಆಸ್ಪತ್ರೆ ಮುಟ್ಟಿದಾಗ ರಾತ್ರಿಯಾಗಿತ್ತು. ಬಾಗಿಲಲ್ಲಿ ಸ್ಟ್ರೆಚರ್ ತಳ್ಳುವವನು ಹಣ ಕೇಳಿದ. ಅವ್ವ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಊಟ, ಗಾಡಿ ಎಲ್ಲ ಉಚಿತ ಎಂಬ ಕಾರ್ಯಕ್ರಮ 2011ರಿಂದಲೇ ಇದೆ. ಅವ್ವನಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ಆ ಹೊತ್ತಿನಲ್ಲಿ ಜಗಳವಾಡುತ್ತಿರಲಿಲ್ಲ ಎಂದಳು.

ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ಚೀಟಿ ಓದಿದರು. ಮುಂದಿನ ಡೋಸು ಯಾವಾಗ ಕೊಡಬೇಕೆಂದು ಆ ಚೀಟಿ ನೋಡಿಯೇ ಲೆಕ್ಕ ಹಾಕಿದರು. ಅವ್ವನನ್ನು ಪಕ್ಕಕ್ಕೆ ಕರೆದು ಹೇಳಿದರು: “ಈ ಬ್ಯಾನಿಗಿ ಹೆರಿಗಿ ಒಂದೇ ಔಷಧ. ಕೂಸು ಸಣ್ಣದದ. ಉಳೀತದ ಅಂತ ಹೇಳಾಕ ಆಗೂದಿಲ್ಲ. ಮೊದಲ ನಿಮ್ಮ ಮಗಳನ್ನ ಉಳಸಬೇಕು.” ಅವ್ವ ಹೆಬ್ಬೆಟ್ಟು ಒತ್ತಿದಳು.

ರಕ್ತದ ಹಿಮೋಗ್ಲೋಬಿನ್ 6.2 ಇತ್ತು. ಆಪರೇಷನ್ ಮಾಡಲು ರಕ್ತ ಬೇಕು. ಗಂಡ ಬೆಂಗಳೂರಿನಿಂದ ಇನ್ನೂ ದಾರಿಯಲ್ಲಿದ್ದ. ನನ್ನ ಅಣ್ಣ ಒಂದು ಬಾಟಲಿ ಕೊಟ್ಟ. ರಕ್ತ ಕೊಟ್ಟರೆ ದುಡಿಯುವ ಶಕ್ತಿ ಹೋಗುತ್ತದೆ ಎಂಬ ಹೆದರಿಕೆ ನಮ್ಮ ಕಡೆ ಬಹಳ. ಅವನೂ ಹೆದರಿದ್ದ, ಆದರೂ ಕೊಟ್ಟ. ಇನ್ನೊಂದು ಬಾಟಲಿ ಕೊಟ್ಟವನು ಪಕ್ಕದ ಹಾಸಿಗೆಯ ಮುದುಕಿಯ ಮಗ. ಅವರು ಬೇರೆ ತಾಲೂಕಿನವರು. ನಮ್ಮ ಜಾತಿಯವರಲ್ಲ, ನಮ್ಮ ಧರ್ಮದವರೂ ಅಲ್ಲ. ಕೇಳದೆಯೇ ಬಂದು ತೋಳು ಕೊಟ್ಟ. ಬೆಳಗಾಗುವ ಮುಂಚೆ ಸಿಸೇರಿಯನ್ ಆಯಿತು.

ಎಚ್ಚರವಾದಾಗ ನನಗೆ ಏನೂ ಕಾಣಲಿಲ್ಲ. ಮೊದಲು ರಾತ್ರಿ ಇರಬಹುದು, ಕರೆಂಟ್ ಹೋಗಿರಬಹುದು ಎಂದುಕೊಂಡೆ. ಸುತ್ತ ಜನ ಓಡಾಡುವುದು, ತಾಟು ಬಟ್ಟಲಿನ ಸಪ್ಪಳ ಕೇಳುತ್ತಿತ್ತು. “ಅವ್ವ, ದೀಪ ಹಚ್ಚು,” ಅಂದೆ. ಅವ್ವ ಮಾತಾಡಲಿಲ್ಲ. ಆಮೇಲೆ, “ಮಧ್ಯಾಹ್ನ ಆಗ್ಯಾದ,” ಅಂದಳು. ಕಣ್ಣು ಹೋದವು ಎಂದು ಆಗ ಗೊತ್ತಾಯಿತು. ಹೊಟ್ಟೆ ಮುಟ್ಟಿ ನೋಡಿಕೊಂಡೆ, ಖಾಲಿಯಿತ್ತು. ಕೂಸು ಅದ ಏನು ಎಂದು ಕೇಳಿದೆ. ಅದ ಎಂದಳು. ಎಲ್ಲಿ ಎಂದೆ. ಪೆಟ್ಟಿಗೆಯಲ್ಲಿ ಇಟ್ಟಾರ ಎಂದಳು. ನಾನು ನಂಬಲಿಲ್ಲ. ಸತ್ತಿದೆ, ಇವರು ಮುಚ್ಚಿಡುತ್ತಿದ್ದಾರೆ ಎಂದೇ ಅಂದುಕೊಂಡೆ.

ಡಾಕ್ಟರಮ್ಮ ಬಂದು ಹಣೆ ಮುಟ್ಟಿ ಹೇಳಿದರು. ಈ ರೋಗದಲ್ಲಿ ಮಿದುಳಿಗೆ ಬಾವು ಬಂದು ಹೀಗಾಗುತ್ತದೆ, ಕಣ್ಣು ಕೆಟ್ಟಿಲ್ಲ, ಸಾಮಾನ್ಯವಾಗಿ ತಿರುಗಿ ಬರುತ್ತದೆ ಎಂದರು. ಅಂದಿನ ರಾತ್ರಿ ನಿದ್ದೆ ಬರಲಿಲ್ಲ. ಹೊಲಿಗೆ ನೋಯುತ್ತಿತ್ತು. ಸೂಜಿ ಚುಚ್ಚಿದ ಜಾಗ ಕಲ್ಲಾಗಿತ್ತು. ಬಾಯಾರಿ ಗಂಟಲು ಅಂಟಿಕೊಳ್ಳುತ್ತಿತ್ತು. ಒಬ್ಬ ಆಯಾ ಒದ್ದೆ ಹತ್ತಿಯಿಂದ ತುಟಿ ಒರೆಸಿದರು. ಮುಖ ನೋಡಲಾಗಲಿಲ್ಲ. ಅವರು ಯಾರೆಂದು ಇಂದಿಗೂ ಗೊತ್ತಿಲ್ಲ. ಮರುದಿನ ಕಿಟಕಿಯ ಜಾಗದಲ್ಲಿ ಬೆಳಕು ಕಂಡಿತು. ಆಮೇಲೆ ಕಿಟಕಿಯ ಸರಳು ಕಂಡವು. ಆಮೇಲೆ ಅವ್ವನ ಮುಖ.

ಕಣ್ಣು ಬಂದ ಮೇಲೆ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಕೂಸಿನ ವಾರ್ಡಿಗೆ ಒಯ್ದರು. ನವಜಾತ ಶಿಶುಗಳ ಆ ಘಟಕವನ್ನು ಎಸ್‌ಎನ್‌ಸಿಯು ಎನ್ನುತ್ತಾರೆ. ಕೈ ತೊಳೆಸಿ ಒಳಗೆ ಬಿಟ್ಟರು. ಹೆಣ್ಣು ಕೂಸು. ತೂಕ ಒಂದು ಕೆಜಿ ಮುನ್ನೂರು ಗ್ರಾಮು. ತೊಡೆ ನನ್ನ ಹೆಬ್ಬೆರಳಿನಷ್ಟು ದಪ್ಪ. ಮೂಗಿನಲ್ಲಿ ನಳಿಕೆ, ಕಾಲಿಗೆ ತಂತಿ. ನೋಡಿದಾಗ ನನಗೆ ಪ್ರೀತಿ ಬರಲಿಲ್ಲ, ಹೆದರಿಕೆ ಬಂತು. ಇದು ಉಳಿಯುವುದಿಲ್ಲ, ಮುಟ್ಟಿದರೆ ಕಳೆದುಕೊಳ್ಳುವಾಗ ಕಷ್ಟ ಎಂದು ಕೈ ಹಿಂದಕ್ಕೆ ತೆಗೆದುಕೊಂಡೆ. ಅಲ್ಲಿನ ಸಿಸ್ಟರ್ ನನ್ನ ಕೈ ಹಿಡಿದು ಕೂಸಿನ ಬೆನ್ನ ಮೇಲೆ ಇಟ್ಟರು.

ಎದೆ ಹಾಲು ಹಿಂಡಿ ತರಲು ಹೇಳಿದರು. ಅತ್ತೆ ಆ ಹೊತ್ತಿಗೆ ಊರಿಂದ ಬಂದಿದ್ದರು. ಮೊದಲ ಹಾಲು ಕೆಟ್ಟದ್ದು, ಚೆಲ್ಲಬೇಕು ಎಂದರು. ಸಿಸ್ಟರ್, “ಯವ್ವಾ, ಇದು ಹಾಲಲ್ಲ, ಇದೇ ಕೂಸಿನ ಮೊದಲ ಲಸಿಕಿ. ಒಂದು ಹನಿ ಚೆಲ್ಲಬ್ಯಾಡ್ರಿ,” ಅಂದರು. ಮೊದಲ ದಿನ ಬಟ್ಟಲ ತಳ ತೊಯ್ಯುವಷ್ಟೂ ಬರಲಿಲ್ಲ. ಹಿಂಡಿ ಹಿಂಡಿ ಎದೆ ಕಂದಿತು. ಬಂದಷ್ಟನ್ನೇ ನಳಿಕೆಯಲ್ಲಿ ಕೊಟ್ಟರು. ಹಗಲು ರಾತ್ರಿ ಎರಡೆರಡು ತಾಸಿಗೊಮ್ಮೆ ಹಿಂಡಬೇಕು. ಬಾಣಂತಿಯರು ಸಾಲಾಗಿ ಕೂತು ಹಿಂಡುತ್ತಿದ್ದೆವು. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಎರಡನೇ ವಾರದಲ್ಲಿ ಒಂದು ಬೆಳಿಗ್ಗೆ ಕೂಸು ಉಸಿರು ನಿಲ್ಲಿಸಿತು. ನಾನು ಅಲ್ಲೇ ನಿಂತಿದ್ದೆ. ಯಂತ್ರ ಕೂಗಿತು. ತುಟಿ ನೀಲಿಯಾಯಿತು. ಸಿಸ್ಟರ್ ಅಂಗಾಲಿಗೆ ಬೆರಳಿನಿಂದ ಹೊಡೆದರು, ಬೆನ್ನುಜ್ಜಿದರು. ಮುಖವಾಡ ಇಟ್ಟು ಗಾಳಿ ಒತ್ತಿದರು. ಕೂಸು ಬಿಕ್ಕಿತು. ತುಟಿ ಕೆಂಪಾಯಿತು. ಸಿಸ್ಟರ್ ಬೆವರೊರೆಸಿಕೊಂಡು ಪಕ್ಕದ ಕೂಸಿನ ಕಡೆ ಹೋದರು. ಅವರಿಗೆ ಅದು ದಿನದ ಕೆಲಸ. ನಾನು ಗೋಡೆ ಹಿಡಿದು ಕೆಳಗೆ ಕೂತೆ. ಅದೇ ವಾರ ನನ್ನ ಎದುರಿನ ಹಾಸಿಗೆಯ ಹುಡುಗಿಯ ಕೂಸು ತೀರಿಕೊಂಡಿತು. ನನಗಿಂತ ಚಿಕ್ಕವಳು. ಎದೆ ತುಂಬಿ ರವಿಕೆ ತೊಯ್ದಿತ್ತು. ಅವಳು ಆ ಹಾಲನ್ನು ಹಿಂಡಿ ಬಟ್ಟಲಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಅವಳಿಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಅವಳ ಪಕ್ಕದಲ್ಲಿ ಕೂತೆ, ಅಷ್ಟೇ.

ಕೂಸು ಸ್ವಲ್ಪ ಗಟ್ಟಿಯಾದ ಮೇಲೆ ಕಾಂಗರೂ ಆರೈಕೆ ಶುರು ಮಾಡಿಸಿದರು. ಕೂಸಿಗೆ ಟೊಪ್ಪಿಗೆ, ಕಾಲುಚೀಲ, ಲಂಗೋಟಿ ಮಾತ್ರ. ಅದನ್ನು ತಾಯಿಯ ಬರಿ ಎದೆಗೆ ನೆಟ್ಟಗೆ ಒರಗಿಸಿ ಬಟ್ಟೆಯಿಂದ ಕಟ್ಟುತ್ತಾರೆ. ಮೇಲೆ ರವಿಕೆ, ಸೆರಗು. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾದಲ್ಲಿ ಕೂಸುಗಳಿಗೆ ಪೆಟ್ಟಿಗೆ ಸಾಲದೆ ಡಾಕ್ಟರುಗಳು ಹೀಗೆ ಮಾಡಲು ಶುರುಮಾಡಿದರು ಎಂದು ಮುಂದೆ ತರಬೇತಿಯಲ್ಲಿ ಕೇಳಿದೆ. ನಮ್ಮ ರಾಜ್ಯದ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳಲ್ಲೂ ಇದನ್ನು ವ್ಯವಸ್ಥಿತವಾಗಿ ಮಾಡಿ ತೋರಿಸಿದ್ದಾರೆ. ಅಂದು ನನಗೆ ಇದಾವುದೂ ಗೊತ್ತಿರಲಿಲ್ಲ. ಎಲ್ಲರ ಮುಂದೆ ರವಿಕೆ ಬಿಚ್ಚಲು ನಾಚಿಕೆಯಾಯಿತು. ಸಿಸ್ಟರ್ ಪರದೆ ಎಳೆದರು. ಕೂಸಿನ ಉಸಿರು ನನ್ನ ಚರ್ಮಕ್ಕೆ ತಾಗಿತು. ತಣ್ಣಗಿದ್ದ ಅದರ ಪಾದ ಬೆಚ್ಚಗಾಯಿತು. ಇದು ಉಳಿಯಬಹುದು ಎಂದು ಮೊದಲ ಸಲ ಅನಿಸಿದ್ದು ಆಗ.

ಹೊಲಿಗೆ ನೋಯುವಾಗ, ನಾನು ಉಣ್ಣಲು ಹೋದಾಗ ಕೂಸನ್ನು ಯಾರು ಕಟ್ಟಿಕೊಳ್ಳಬೇಕು? ಅತ್ತೆ ಹೆಣ್ಣು ಹುಟ್ಟಿತೆಂದು ಮೊದಲೆರಡು ದಿನ ಕೂಸಿನ ಮುಖ ನೋಡಿರಲಿಲ್ಲ. ಅವರನ್ನು ಕೇಳಲು ನನಗೆ ಧೈರ್ಯವಿರಲಿಲ್ಲ. ಸಿಸ್ಟರ್ ಕೇಳಿದರು. ಅತ್ತೆ ಸುಮ್ಮನೆ ಸ್ನಾನ ಮಾಡಿ ಬಂದು ಕುರ್ಚಿಯಲ್ಲಿ ಒರಗಿದರು. ಕೂಸನ್ನು ಅವರ ಎದೆಗೆ ಕಟ್ಟಿದರು. ಆಮೇಲೆ ಅದನ್ನು ಅವರಿಂದ ಇಸಿದುಕೊಳ್ಳುವುದೇ ಕಷ್ಟವಾಯಿತು. “ಮಕ್ಕೊಂಡದ, ಎಬ್ಬಿಸಬ್ಯಾಡ್ರಿ,” ಅನ್ನುತ್ತಿದ್ದರು. ಗಂಡನೂ ಕಟ್ಟಿಕೊಂಡ. ವಾರ್ಡಿನ ಹೊರಗೆ ನಿಂತ ಗಂಡಸರು ನೋಡಿದರು. ಅವನು ತಲೆ ಎತ್ತಲಿಲ್ಲ, ಬಿಚ್ಚಲೂ ಇಲ್ಲ.

ನಳಿಕೆ ತೆಗೆದು ಒಳಲೆಯಲ್ಲಿ ಹಾಲು ಕುಡಿಸಲು ಕಲಿಸಿದರು. ಕೂಸು ನುಂಗುವ ತನಕ ಕಾದು ಮತ್ತೊಂದು ಗುಟುಕು. ಬೇಗ ಹಾಕಿದರೆ ಉಸಿರಿಗೆ ಸಿಕ್ಕುತ್ತದೆ. ಆಮೇಲೆ ಎದೆಗೇ ಬಾಯಿ ಹಾಕಿತು. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಕಣ್ಣಿನ ಪರದೆಯ ತೊಂದರೆ ಬರಬಹುದು ಎಂದು ಕಣ್ಣಿನವರು ಬಂದು ಪರೀಕ್ಷಿಸಿದರು. ನಮ್ಮ ಕೂಸಿಗೆ ತೊಂದರೆ ಇರಲಿಲ್ಲ. ನನಗೆ ಬಿಪಿ ಮಾತ್ರೆ ಮುಂದುವರಿಯಿತು. ಡಿಸ್ಚಾರ್ಜ್ ಆಗುವ ಹೊತ್ತಿಗೆ ಊರಲ್ಲಿ ಬಿಸಿಲು ಏರಿತ್ತು. ಆಸ್ಪತ್ರೆಯ ಹೆರಿಗೆ ಉಚಿತವಾದರೂ ಜೊತೆಗಿದ್ದವರ ಊಟ, ಓಡಾಟ, ಬಿಟ್ಟುಹೋದ ಕೂಲಿ, ಕೊಟ್ಟ ಲಂಚ ಸೇರಿ ಸಾಲವಾಯಿತು. ಅವ್ವ ಕಿವಿಯ ಬೆಂಡೋಲೆ ಒತ್ತೆ ಇಟ್ಟಳು. ಅವು ತಿರುಗಿ ಬರಲಿಲ್ಲ.

ಮನೆಯಲ್ಲಿ ಬೇರೆ ಕಷ್ಟ. ನಮ್ಮಲ್ಲಿ ಬಾಣಂತಿಯ ಕೋಣೆಗೆ ಕೆಂಡವಿಟ್ಟು ಹೊಗೆ ಹಾಕುತ್ತಾರೆ. ಕೂಸಿಗೆ ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಾರೆ. ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ. ಆಶಾ ಅಕ್ಕ ಬಂದು ಹೊಗೆ ಬೇಡ, ತೂಕ ಏರುವ ತನಕ ಕೂಸಿಗೆ ನೀರೆರೆಯುವುದು ಬೇಡ, ಇವಳು ಕೇಳಿದಷ್ಟು ನೀರು ಕೊಡಿ ಎಂದರು. ಓಣಿಯ ಹಿರಿಯರು ಬೈದರು. ಅಕ್ಕ ಬೈಸಿಕೊಂಡರು, ಮತ್ತೆ ಬಂದರು. ಜೋಲಿ ತಕ್ಕಡಿಯಲ್ಲಿ ತೂಗಿ ತೂಕ ಬರೆದುಕೊಳ್ಳುತ್ತಿದ್ದರು. ಎರಡೂವರೆ ಕೆಜಿ ದಾಟಿದ ದಿನ ಅವ್ವ ಹೋಳಿಗೆ ಮಾಡಿದಳು.

ಆ ದಿನಗಳ ನಂತರ ನನಗೆ ಬಹಳ ಕಾಲ ನಿದ್ದೆ ಸರಿಯಿರಲಿಲ್ಲ. ಸ್ವಲ್ಪ ತಲೆನೋವು ಬಂದರೂ ಕಣ್ಣು ಹೋಗುತ್ತವೆ ಎಂಬ ಹೆದರಿಕೆ. ಕೂಸು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಇದನ್ನು ಯಾರಿಗೂ ಹೇಳಲಿಲ್ಲ. ಇಬ್ಬರೂ ಉಳಿದಿದ್ದೀರಿ, ಮತ್ತೇನು ಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ಬಾಣಂತಿಯ ಮನಸ್ಸಿಗೂ ಪೆಟ್ಟಾಗುತ್ತದೆ ಎಂದು ನಾನು ತಿಳಿದದ್ದು ಈ ಕೆಲಸಕ್ಕೆ ಬಂದ ಮೇಲೆ. ಈಗ ಮನೆ ಭೇಟಿಯಲ್ಲಿ ಕೂಸಿನ ತೂಕದ ಜೊತೆ ತಾಯಿಯ ನಿದ್ದೆಯನ್ನೂ ಕೇಳುತ್ತೇನೆ.

ಆಶಾ ಅಕ್ಕ ಮಗನ ಊರಿಗೆ ಹೋದಾಗ ಅವರ ಜಾಗಕ್ಕೆ ನನ್ನ ಹೆಸರು ಹೇಳಿದರು. ಹಾಗೆ ನಾನು ಈ ಕೆಲಸಕ್ಕೆ ಬಂದೆ. ತರಬೇತಿಯಲ್ಲಿ ನನ್ನ ಕಾಯಿಲೆಯ ಹೆಸರು ಕಲಿತೆ: ಎಕ್ಲಾಂಪ್ಸಿಯಾ. ಮೆಗ್ನೀಷಿಯಂ ಸೂಜಿಯ ಬಗ್ಗೆ ಓದಿದೆ. 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳ ಮೇಲೆ ನಡೆದ ಅಧ್ಯಯನ 2002ರಲ್ಲೇ ಪ್ರಕಟವಾಗಿದೆ. ಅದರ ಪ್ರಕಾರ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಕಂಡ ಬಸುರಿಗೆ ಮೊದಲೇ ಈ ಇಂಜೆಕ್ಷನ್ ಕೊಟ್ಟರೆ ಸೆಳವು ಬರುವ ಅಪಾಯ ಅರ್ಧಕ್ಕಿಂತ ಹೆಚ್ಚು ತಗ್ಗುತ್ತದೆ. ಅದು ದುಬಾರಿ ಔಷಧವೂ ಅಲ್ಲ. ನನಗಿಂತ ಎಷ್ಟೋ ವರ್ಷ ಮೊದಲೇ ಜಗತ್ತಿಗೆ ಇದು ಗೊತ್ತಿತ್ತು. ನಮ್ಮ ಊರಿನ ಕೇಂದ್ರದ ಕಪಾಟಿನಲ್ಲಿ ಅದು ಅಂದು ಇತ್ತು, ಕೊಡಲು ಹಿಂಜರಿಯದ ನರ್ಸ್ ಇದ್ದರು. ಅದಕ್ಕೇ ನಾನಿದ್ದೇನೆ.

ನಮ್ಮ ರಾಜ್ಯದಲ್ಲಿ ಸುಧಾರಣೆ ಆಗಿಲ್ಲವೆಂದಲ್ಲ. 2004–06ರಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 213 ತಾಯಂದಿರು ಸಾಯುತ್ತಿದ್ದರು. 2018–20ರ ಲೆಕ್ಕದಲ್ಲಿ ಅದು 69ಕ್ಕೆ ಇಳಿದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅದೇ ಸಮೀಕ್ಷೆಯಲ್ಲಿ ನೂರು ಬಸುರಿಯರಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ. ಅಂದರೆ ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುತ್ತಿದ್ದಾರೆ, ಆದರೆ ಸೊರಗಿ ಬರುತ್ತಿದ್ದಾರೆ. ಬಂದ ಮೇಲೆ ಅಲ್ಲಿ ಡಾಕ್ಟರು, ರಕ್ತ, ನಂಬಬಹುದಾದ ಔಷಧಿ ಇರಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಡ್ರಿಪ್ ಬಾಟಲಿಯ ದ್ರಾವಣದ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದಿತು. ಆ ಸುದ್ದಿ ಬಂದ ವಾರ ನನ್ನ ಪಟ್ಟಿಯ ಬಸುರಿಯರು, “ಅಕ್ಕ, ಆಸ್ಪತ್ರಿಗಿ ಹೋಗೂದು ಬ್ಯಾಡೇನು?” ಎಂದು ಕೇಳಿದರು. ಹೋಗಲೇಬೇಕು ಎಂದೆ. ಆದರೆ ಆ ಮಾತು ಹೇಳುವಾಗ ನನ್ನ ನಾಲಿಗೆ ತಡವರಿಸಿತು. ನಮ್ಮ ಮಾತು ನಂಬಿ ಬರುವವರಿಗೆ ಆ ಬಾಟಲಿ ಶುದ್ಧವಾಗಿರಬೇಕು. ಅದು ಸರ್ಕಾರದ ಹೊಣೆ.

ನನ್ನ ಪಟ್ಟಿಯಲ್ಲಿ ಗುಳೆ ಹೋಗುವ ಹೆಣ್ಣುಮಕ್ಕಳು ಯಾವಾಗಲೂ ಇರುತ್ತಾರೆ. ಹೊರಡುವ ಮುಂಚೆ ಅವರಿಗೆ ಕಬ್ಬಿಣ ಮತ್ತು ಸುಣ್ಣದಂಶದ ಮಾತ್ರೆ ಹೆಚ್ಚು ಕೊಡಿಸುತ್ತೇನೆ. ತಾಯಿ ಕಾರ್ಡು ಜೊತೆಗೆ ಒಯ್ಯಲು ಹೇಳುತ್ತೇನೆ. ನನ್ನ ಫೋನ್ ನಂಬರ್ ಕೊಡುತ್ತೇನೆ. ತಲೆನೋವು ಬಂದರೆ ನನಗೆ ಹೇಳಿ ಎನ್ನುತ್ತೇನೆ. ಆದರೆ ಬೆಂಗಳೂರು, ಪುಣೆ, ಮುಂಬೈಯ ಶೆಡ್ಡಿಗೆ ನಾನು ಹೋಗಿ ಬಿಪಿ ನೋಡಲಾರೆ. ಅಲ್ಲಿಯ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲಿ ಶೆಡ್ಡಿನ ಬಸುರಿಯೂ ಇರಬೇಕು. ಕಟ್ಟಡ ಕಟ್ಟಿಸುವವರು, ಮೇಸ್ತ್ರಿಗಳು ತಮ್ಮಲ್ಲಿ ಬಸುರಿ ಇದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಒಂದು ಮಾತು ತಿಳಿಸಬೇಕು. ತಾಲೂಕು ಆಸ್ಪತ್ರೆಯಲ್ಲಿ ರಾತ್ರಿ ಹೊತ್ತೂ ಅರಿವಳಿಕೆ ಡಾಕ್ಟರು ಮತ್ತು ರಕ್ತ ಇರಬೇಕು. ಇವು ಬರದ ಹೊರತು ನಮ್ಮಂಥವರು ಉಳಿಯುವುದು ಪೋಲಿಯೊ ಹನಿಯ ಮರುದಿನ ಯಾರಾದರೂ ಓಣಿಯಲ್ಲಿ ಹಾದು ಹೋದರೆ ಮಾತ್ರ.

ನನ್ನ ಮಗಳಿಗೆ ಈಗ ಏಳು ವರ್ಷ ದಾಟಿದೆ. ಓರಗೆಯವರಿಗಿಂತ ತುಸು ಸಣ್ಣಗಿದ್ದಾಳೆ. ಶಾಲೆಗೆ ಹೋಗುತ್ತಾಳೆ. ನಾನು ಬಿಪಿ ಮಾತ್ರೆ ನುಂಗುತ್ತಲೇ ಇದ್ದೇನೆ. ಬಸಿರಿನಲ್ಲಿ ಬಿಪಿ ಏರಿದವರಿಗೆ ಮುಂದೆಯೂ ಅದರ ಅಪಾಯ ಇರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ.

ಇದನ್ನು ಓದುವವರಿಗೆ ಒಂದು ಮಾತು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ, ನೀವು ಕಟ್ಟಿಸುತ್ತಿರುವ ಮನೆಯ ಕೆಲಸದವರಲ್ಲಿ ಒಬ್ಬ ಬಸುರಿ ಇರಬಹುದು. ಅವಳ ಮುಖ, ಕೈ ಬಾತಿವೆಯೇ ನೋಡಿ. ತಲೆ ನೋಯುತ್ತದೆಯೇ, ಕಣ್ಣು ಮಂಜಾಗುತ್ತವೆಯೇ, ಎದೆಗೂಡಿನ ಕೆಳಗೆ ನೋವಿದೆಯೇ ಕೇಳಿ. ಇದ್ದರೆ ನಾಳೆಗೆ ಬಿಡಬೇಡಿ. ಅಂದೇ ಕರೆದೊಯ್ದು ಬಿಪಿ ನೋಡಿಸಿ.